ಅಚೌರ್ಯಾಣುವ್ರತ ಮತ್ತು ಆಸ್ಪತ್ರೆಯ ಬಿಲ್ಲು

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಇದಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ನೇರವಾಗಿ ವ್ಯಾಪಾರಕ್ಕೆ ಸಂಬಂಧಿಸಿದವು. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಹೀನಾಧಿಕ ಮಾನೋನ್ಮಾನ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು ಪ್ರತಿರೂಪಕ ವ್ಯವಹಾರ. ಅಥಣಿಯ ಪೇಟೆಯಲ್ಲಿ ತಕ್ಕಡಿ ಹಿಡಿದವರಿಗೆ ಇವುಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ಆಸ್ಪತ್ರೆಯ ಬಿಲ್ಲಿಗೂ ಇವು ಅನ್ವಯಿಸುತ್ತವೆಯೇ ಎಂಬುದು ವಿಚಾರಾರ್ಹ.

ಒಂದು ಚಿಕ್ಕ ವಸ್ತುವನ್ನು ನೋಡೋಣ. ಆನೆಕಾಲಿನ ಬಾವಿಗೂ ಉಬ್ಬಿದ ರಕ್ತನಾಳಗಳಿಂದಾದ ಹುಣ್ಣಿಗೂ ಒತ್ತುಪಟ್ಟಿ ಕಟ್ಟುವುದು ಮುಖ್ಯ ಚಿಕಿತ್ಸೆ. ಅಥಣಿಗೆ ನೆರೆಯ ವಿಜಯಪುರ, ಬಾಗಲಕೋಟೆಗಳು ಆನೆಕಾಲು ರೋಗ ಕಂಡ ಜಿಲ್ಲೆಗಳೇ. ಒಳಗೆ ಮೆತ್ತನೆಯ ಫೋಮ್ ಸುತ್ತಿ, ಮೇಲೆ ಕಡಿಮೆ ಹಿಗ್ಗುವ ಪಟ್ಟಿಯನ್ನು ಬಿಗಿಯುತ್ತಾರೆ. ಫೋಮ್ ಒತ್ತಡವನ್ನು ಸಮನಾಗಿ ಹಂಚಿ, ಎಲುಬು ಉಬ್ಬಿದೆಡೆ ಚರ್ಮವನ್ನು ಕಾಯುತ್ತದೆ. ಬಾವು ಇಳಿದಂತೆ ಕಟ್ಟು ಸಡಿಲಗೊಳ್ಳುವುದರಿಂದ ಮತ್ತೆ ಮತ್ತೆ ಕಟ್ಟಬೇಕು. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆಯು ಆಯುರ್ವೇದ, ಯೋಗಗಳೊಡನೆ ಈ ಕಟ್ಟನ್ನೂ ಕೂಡಿಸಿ, ರೋಗಿಯು ಮನೆಯಲ್ಲಿಯೇ ಮುಂದುವರಿಸುವಂತೆ ಕಲಿಸುತ್ತದೆ.

ತೊಳೆದು ಬಳಸಬಹುದಾದ ಫೋಮನ್ನು ಅದೇ ರೋಗಿಗೆ ಮರಳಿ ಕಟ್ಟುವುದು ದೋಷವಲ್ಲ, ಮಿತವ್ಯಯ. ಆದರೆ ಪ್ರತಿಸಲವೂ ಹೊಸದೆಂದು ಬರೆದರೆ ಅದು ಸುಳ್ಳಳತೆ. ಸಾದಾ ಹತ್ತಿ ಕಟ್ಟಿ ಫೋಮಿನ ಬೆಲೆ ಪಡೆದರೆ ಅದು ಪ್ರತಿರೂಪಕ ವ್ಯವಹಾರ. ಇನ್ನು ಕಟ್ಟುವವರ ಕೌಶಲಕ್ಕೆ ಬೆಲೆಯುಂಟು. ಅಪಧಮನಿಯ ರಕ್ತಸಂಚಾರ ಕುಂದಿದ ಕಾಲಿಗೆ ಅರಿಯದೆ ಬಿಗಿದರೆ ಅಪಾಯ. ಆ ಶ್ರಮದ ಶುಲ್ಕವನ್ನು ಶುಲ್ಕವೆಂದೇ ಬರೆಯಬೇಕು, ಫೋಮಿನ ಬೆಲೆಯೊಳಗೆ ಅಡಗಿಸಬಾರದು.

ಕಾನೂನು ಇದೆಯಲ್ಲ ಎನ್ನಬಹುದು. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳು ಔಷಧ ಕಾಯಿದೆಯಡಿ ಬಂದಿವೆ. ಅವುಗಳ ಗರಿಷ್ಠ ಮಾರಾಟ ಬೆಲೆಯನ್ನು ಹನ್ನೆರಡು ತಿಂಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆದರೆ ಬೆಲೆಗೆ ಮಿತಿ ಹಾಕುವ ಕಾನೂನು, ಮೂರು ಕಟ್ಟಿದಲ್ಲಿ ಐದೆಂದು ಬರೆಯುವ ಕೈಯ ಬಳಿ ನಿಂತು ಎಣಿಸುವುದಿಲ್ಲ. ಅಲ್ಲಿ ವ್ರತವೊಂದೇ ಕಾವಲು. ವಿಮಾ ಕಂಪನಿ ಕೊಡುತ್ತದೆ, ರೋಗಿಗೇನು ನಷ್ಟ ಎಂಬ ಮಾತೂ ನಿಲ್ಲದು. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯ. ಒಡೆಯನು ಸಿರಿವಂತನೆಂಬುದರಿಂದ ಅದು ದಾನವಾಗದು.

ವಿಮೆಯಿಲ್ಲದವನ ಪಾಡು ಇನ್ನೂ ಕಠಿಣ. ಮೊದಲ ಬಿಲ್ಲಿನಲ್ಲೇ ಹಣ ಮುಗಿದರೆ ಅವನು ಚಿಕಿತ್ಸೆಯನ್ನು ನಡುವೆ ಬಿಡುತ್ತಾನೆ, ಬಾವು ಮರಳುತ್ತದೆ. ಲೆಕ್ಕದ ಚೌರ್ಯವು ಹೀಗೆ ಹಿಂಸೆಯಲ್ಲಿ ಕೊನೆಗೊಳ್ಳುತ್ತದೆ.

ಔಷಧದಾನಕ್ಕೆ ನಿಧಿಯಿಟ್ಟ ಬಸದಿಗಳ ಟ್ರಸ್ಟುಗಳು ಬಿಲ್ಲಿನ ಮೊತ್ತವನ್ನಷ್ಟೇ ನೋಡಿ ಚೆಕ್ಕು ಬರೆಯಬಾರದು. ವಸ್ತುವೆಷ್ಟು, ಶ್ರಮವೆಷ್ಟು, ಪಟ್ಟಿ ಕಟ್ಟಲು ಮನೆಯವರಿಗೆ ಕಲಿಸಿದರೇ ಎಂದು ವಿನಯದಿಂದ ಕೇಳಬೇಕು. ಇದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ದಾನದ ಹಣವೂ ನ್ಯಾಯದ ಅಳತೆಯಲ್ಲಿಯೇ ವ್ಯಯವಾಗಬೇಕು. ಹಾಗಾದಾಗ ಅದು ಇನ್ನೊಬ್ಬ ರೋಗಿಯ ಕಾಲಿಗೂ ತಲುಪೀತು.