ಮಹಾಮನೆಯ ಬಾಗಿಲಲ್ಲಿ ಕುಳಿತವನು



ಕಲ್ಯಾಣದ ಮಹಾಮನೆಯ ವೃತ್ತಾಂತವನ್ನು ಬಲ್ಲ ತಮಗೆ ಮರುಳಶಂಕರದೇವರ ಕಥೆ ಹೊಸದಲ್ಲ. ಶೂನ್ಯಸಂಪಾದನೆಯು ನಿರೂಪಿಸುವಂತೆ, ಆ ಮಹಾನುಭಾವರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರುಷಗಳ ಕಾಲ ಯಾರ ಅರಿವಿಗೂ ಬಾರದೆ ಮರುಳರಂತೆ ಇದ್ದರು. ನಿತ್ಯವೂ ಅಸಂಖ್ಯಾತ ಜಂಗಮರಿಗೆ ದಾಸೋಹ ನಡೆಯುತ್ತಿದ್ದ ಮನೆಯದು. ಅಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೂ ಪ್ರಭುದೇವರು ಬಂದು ತೋರಿಸುವವರೆಗೆ ಅವರನ್ನು ಯಾರೂ ಗುರುತಿಸಲಿಲ್ಲ. ತಮ್ಮ ಮನೆಯಲ್ಲಿಯೇ ಇದ್ದವರನ್ನು ತಾವು ಅರಿಯದೆ ಹೋದೆವಲ್ಲಾ ಎಂದು ಸ್ವತಃ ಬಸವಣ್ಣನವರೇ ಪರಿತಪಿಸಿದರು. ಅನ್ನವಿಕ್ಕುವುದು ದಾಸೋಹದ ಮೊದಲ ಮೆಟ್ಟಿಲು, ಉಣ್ಣುವವನು ಯಾರೆಂದು ಅರಿಯುವುದು ಅದರ ಮುಂದಿನ ಮೆಟ್ಟಿಲು ಎಂಬ ತತ್ತ್ವವು ಈ ಪ್ರಸಂಗದಲ್ಲಿ ಅಡಗಿದೆ.

ಈ ಪ್ರಸಂಗವನ್ನು ನಾನು ಮೂವತ್ತು ವರುಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಆದರೆ ಅದು ನನಗೆ ಅರ್ಥವಾದುದು ಈಚೆಗೆ. ನಮ್ಮ ಶಾಲೆಯ ಸಮೀಪದ ಅರಳೀಕಟ್ಟೆಯ ಮೇಲೆ ಎರಡು ಮಳೆಗಾಲ ಒಬ್ಬ ಮನುಷ್ಯನು ಮಲಗುತ್ತಿದ್ದನು. ಮಧ್ಯಾಹ್ನದ ಪ್ರಸಾದವನ್ನು ಅವನಿಗೂ ಕೊಡಿಸುತ್ತಿದ್ದೆನು. ಅಷ್ಟಕ್ಕೆ ನನ್ನ ಕರ್ತವ್ಯ ತೀರಿತೆಂದು ಭಾವಿಸಿದ್ದೆನು. ಮಕ್ಕಳು ಅವನನ್ನು ಮರುಳನೆಂದು ಕರೆಯುತ್ತಿದ್ದರು. ತೇರಿನ ದಿನ ಮದ್ದಿನ ಸದ್ದಾದರೆ ಅವನು ಕಟ್ಟೆಯ ಹಿಂದೆ ಮುದುಡಿ ಕುಳಿತುಕೊಳ್ಳುತ್ತಿದ್ದನು. ಪ್ರತಿದಿನ ಬೆಳಗ್ಗೆ ತನ್ನ ಹರಕು ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಚೌಕವಾಗಿ ಮಡಿಸಿಡುತ್ತಿದ್ದನು. ಇದನ್ನೆಲ್ಲ ನಾನು ಕಣ್ಣಾರೆ ಕಂಡೆನು, ಆದರೆ ಅರಿಯಲಿಲ್ಲ. ಒಂದು ದಿನ ಊರಿನ ಆಶಾ ಕಾರ್ಯಕರ್ತೆಯೊಬ್ಬಳು ಅವನ ಬಳಿ ಕುಳಿತು ಹೆಸರನ್ನು ಕೇಳಿದಳು. ಅವನು ಮೊದಲು ಹೇಳಿದುದು ಒಂದು ಸಂಖ್ಯೆಯನ್ನು, ಅನಂತರ ಹೆಸರನ್ನು. ಅದು ಅವನ ಸೈನ್ಯದ ಸಂಖ್ಯೆಯಾಗಿತ್ತು.

ಸದ್ಭಕ್ತರೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ಹೊಲಗಳ ಬದುವಿನಲ್ಲಿಯೂ ಗುಡಿಗಳ ಅಂಗಳದಲ್ಲಿಯೂ ವೀರಗಲ್ಲುಗಳು ನಿಂತಿವೆ. ರಣದಲ್ಲಿ ಮಡಿದ ವೀರನ ಮನೆಯವರಿಗೆ ಹಿಂದಿನ ಅರಸರು ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರೆಂದು ಶಾಸನಗಳು ಸಾರುತ್ತವೆ. ಹಡಗಲಿ ತಾಲೂಕಿನ ಮೈಲಾರದಲ್ಲಿ ನಾವು ಪೂಜಿಸುವ ದೇವನೂ ಏಳುಕೋಟಿ ಸೈನ್ಯದ ಒಡೆಯನೇ. ಮಡಿದ ವೀರನನ್ನು ಗೌರವಿಸುವ ಕ್ರಮವನ್ನು ನಮ್ಮ ಹಿರಿಯರು ನಮಗೆ ಕಲಿಸಿರುವರು. ಮಡಿಯದೆ ಮರಳಿದವನು, ಮರಳಿಯೂ ಮನೆ ಸೇರಲಾರದವನು ಇದ್ದಾನಲ್ಲ, ಅವನಿಗೆ ನಾವು ಏನನ್ನು ನಿಲ್ಲಿಸಿದ್ದೇವೆ?

ದಂಡಿನಿಂದ ಬಂದವನಿಗೆ ಪಿಂಚಣಿ ಇರುತ್ತದಲ್ಲವೇ ಎಂದು ತಾವು ಕೇಳಬಹುದು. ಸಾಮಾನ್ಯ ಸಿಪಾಯಿಗೆ ಸೇವಾ ಪಿಂಚಣಿ ದೊರೆಯಲು ಹದಿನೈದು ವರುಷಗಳ ಸೇವೆ ತುಂಬಬೇಕು. ಅದಕ್ಕೆ ಮುಂಚೆಯೇ ಬಿಟ್ಟುಬಂದವರಿಗೆ ಆ ಆಧಾರವಿಲ್ಲ. ಪಿಂಚಣಿ ಇದ್ದವನಾದರೂ ನಲವತ್ತರ ಆಸುಪಾಸಿನಲ್ಲಿಯೇ ಮನೆಗೆ ಬರುತ್ತಾನೆ. ಅಷ್ಟರಲ್ಲಿ ಹೊಲ ಪಾಲಾಗಿರುತ್ತದೆ, ಮಕ್ಕಳು ತಂದೆಯಿಲ್ಲದೆ ಬೆಳೆಯುವುದನ್ನು ಕಲಿತಿರುತ್ತಾರೆ. ಬಹುಮಂದಿ ಯೋಧರು ಈ ಹೊಳೆಯನ್ನು ದಾಟಿ ಒಳ್ಳೆಯ ಸಂಸಾರಿಗಳಾಗಿ ಬಾಳುತ್ತಿರುವರು. ಕೆಲವರು ದಾಟಲಾರರು. ನಿದ್ರೆ ಹೋಗುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಕಂಡ ಸಾವು ಹಗಲಿನಲ್ಲಿಯೂ ಕಣ್ಣ ಮುಂದೆ ನಿಲ್ಲುವುದು, ಅದನ್ನು ಮರೆಯಲು ಕುಡಿತಕ್ಕೆ ಬೀಳುವುದು, ಕುಡಿತದಿಂದ ಮನೆಯಲ್ಲಿ ಕಲಹ, ಕಲಹದಿಂದ ಬೀದಿ: ಬೀದಿಗೆ ಬರುವ ದಾರಿ ಹೀಗೆ ಒಂದೊಂದೇ ಮೆಟ್ಟಿಲಾಗಿ ಇಳಿಯುತ್ತದೆ.

ಇದು ಹೇಡಿತನವಲ್ಲ, ಪೂರ್ವಕರ್ಮದ ಶಾಪವಲ್ಲ, ಗಾಳಿ ಸೋಕಿದ್ದೂ ಅಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ಮನೋವಿಜ್ಞಾನಿಯು ಇದನ್ನು 'ಶೆಲ್ ಶಾಕ್' ಎಂಬ ಹೆಸರಿನಿಂದ ವೈದ್ಯಲೋಕಕ್ಕೆ ತಿಳಿಸಿದನು. ವಿಯೆಟ್ನಾಂ ಸಮರದಿಂದ ಮರಳಿದ ಸೈನಿಕರ ಸಂಕಟವನ್ನು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಆಘಾತೋತ್ತರ ಮನೋವ್ಯಾಧಿಯೆಂದು ಇದಕ್ಕೆ ತಮ್ಮ ರೋಗಪಟ್ಟಿಯಲ್ಲಿ ಸ್ಥಾನ ಕೊಟ್ಟರು. ದೇಹದ ಗಾಯಕ್ಕೆ ಕಟ್ಟು ಕಟ್ಟುವಂತೆ ಮನಸ್ಸಿನ ಗಾಯಕ್ಕೂ ಚಿಕಿತ್ಸೆಯುಂಟು. ಮನೋವೈದ್ಯನು ಔಷಧವನ್ನು ಕೊಡುವನು. ಮನಃಶಾಸ್ತ್ರಜ್ಞನು ರೋಗಿಯ ಎದುರು ಕುಳಿತು, ಅವನು ಹೇಳಲು ಹೆದರುವ ನೆನಪನ್ನು ಸ್ವಲ್ಪಸ್ವಲ್ಪವಾಗಿ, ಅವನಿಗೆ ಸೈರಿಸುವಷ್ಟೇ ಹೊರತರುವನು. ಅದು ಕಳೆದುಹೋದುದೇ ಹೊರತು ಈಗ ನಡೆಯುತ್ತಿರುವುದಲ್ಲವೆಂಬ ಅರಿವನ್ನು ಮೂಡಿಸುವನು. ವೈದ್ಯ ಸಂಗಣ್ಣನೆಂಬ ಶರಣನು ಚಿಕಿತ್ಸೆಯನ್ನೇ ಕಾಯಕವಾಗಿ ಕೈಕೊಂಡು ವಚನಗಳನ್ನು ರಚಿಸಿದ ಪರಂಪರೆ ನಮ್ಮದು. ಕಾರಣ, ಈ ಕಾಯಕವು ನಮಗೆ ಪರಕೀಯವೆಂದು ತಿಳಿಯಬಾರದು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಬೀದಿಯಲ್ಲಿರುವವನಿಗೆ ಮೊದಲು ಕುಡಿತ ಬಿಡು, ಮೊದಲು ಔಷಧ ತೆಗೆದುಕೋ, ಆಮೇಲೆ ಮನೆ ಕೊಡುವೆವೆಂದು ಹೇಳುವುದು ಲೋಕರೂಢಿ. ಸ್ಯಾಮ್ ಸೆಂಬೆರಿಸ್ ಎಂಬ ಮನಃಶಾಸ್ತ್ರಜ್ಞನು 1992ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದನು. ಮೊದಲು ಬೀಗದ ಕೈಯುಳ್ಳ ಒಂದು ಕೋಣೆ, ಅನಂತರ ಅವನ ಒಪ್ಪಿಗೆಯಂತೆ ಚಿಕಿತ್ಸೆ ಎಂಬುದು ಆತನ ಮಾರ್ಗ. ಅಮೆರಿಕ ಸರಕಾರವು ಮಾಜಿ ಸೈನಿಕರ ವಿಷಯದಲ್ಲಿ ಈ ಮಾರ್ಗವನ್ನು ಹಿಡಿಯಿತು. ಮನೆಬಾಡಿಗೆಯ ನೆರವನ್ನೂ ಆರೈಕೆಯನ್ನೂ ಒಂದುಗೂಡಿಸಿತು. ಅಲ್ಲಿಯ ಗಣತಿಯಂತೆ 2010ರಲ್ಲಿ ಸುಮಾರು 74,000 ಇದ್ದ ವಸತಿಹೀನ ಮಾಜಿ ಯೋಧರ ಸಂಖ್ಯೆಯು 2024ರಲ್ಲಿ 33,000ಕ್ಕೂ ಕೆಳಗೆ ಇಳಿಯಿತು. ಯೋಗ್ಯತೆಯನ್ನು ಪರೀಕ್ಷಿಸದೆ ಮೊದಲು ನೆಲೆಯನ್ನು ಕೊಡುವುದು ದಾಸೋಹಧರ್ಮವಲ್ಲದೆ ಮತ್ತೇನು? ನೆಲೆಯಿಲ್ಲದವನಿಗೆ ನಿದ್ರೆಯಿಲ್ಲ, ನಿದ್ರೆಯಿಲ್ಲದವನಿಗೆ ಯಾವ ಉಪದೇಶವೂ ನಾಟದು, ಯಾವ ಔಷಧವೂ ಹತ್ತದು.

ದೂರದ ಮಾತು ನಮಗೇಕೆ ಎನ್ನಬೇಡಿರಿ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತರುವ ಪ್ರಯೋಗವು ನಮ್ಮ ನೆಲದಲ್ಲಿಯೇ ನಡೆದಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಯನ್ನು ಗುರುತಿಸುವ ಶಿಕ್ಷಣವನ್ನು ಕೊಟ್ಟಿತು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ನಮ್ಮ ಈ ಸೀಮೆಯೆಲ್ಲ ಅಂದು ಬಳ್ಳಾರಿಗೇ ಸೇರಿತ್ತು. ಅದೇ ಮಾದರಿಯಿಂದ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ನಮ್ಮ ಸೀಮೆಯು ದೇಶಕ್ಕೆ ಕಲಿಸಿದ ಪಾಠವನ್ನು ನಾವೇ ಮರೆಯುವುದು ಸರಿಯೇ?

ಆದುದರಿಂದ ಗೃಹಸ್ಥರು ಮಾಡತಕ್ಕುದು ಇಷ್ಟು. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ಕಾಲ್ನಡಿಗೆಯಲ್ಲಿ ಬರುವವರಿಗೆ ದಾರಿಯುದ್ದಕ್ಕೂ ಪ್ರಸಾದವಿಕ್ಕುವ ಕೈಗಳು, ತೇರು ಮುಗಿದ ಮೇಲೂ ಗುಡಿಯ ಬಳಿ ಉಳಿದವನ ಪಕ್ಕದಲ್ಲಿ ಕುಳಿತು ಅವನ ಹೆಸರನ್ನು ಕೇಳಲಿ. ಅವನನ್ನು ಕಟ್ಟಿಹಾಕಿ ಹರಕೆಯ ತಾಣಗಳಿಗೆ ಒಯ್ಯಬೇಡಿರಿ. ವಿಭೂತಿಗೂ ಔಷಧಕ್ಕೂ ವೈರವಿಲ್ಲ. ಆಶಾ ಕಾರ್ಯಕರ್ತೆಗೆ ತಿಳಿಸಿರಿ, ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಮನೋವ್ಯಾಧಿಯಿಂದ ಅಲೆಯುವವನನ್ನು ರಕ್ಷಿಸಿ ಆಸ್ಪತ್ರೆಗೆ ಸೇರಿಸುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಪೊಲೀಸರ ಹೊಣೆ. ಅವನು ಮಾಜಿ ಯೋಧನೆಂದು ತಿಳಿದರೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಬರೆಯಿರಿ; ಪಿಂಚಣಿಯಿಲ್ಲದೆ ಅರವತ್ತೈದು ದಾಟಿದ ಬಡ ಯೋಧರಿಗೆ ಕೇಂದ್ರದ ಸಹಾಯಧನವುಂಟು. ಮಠಗಳೂ ಛತ್ರಗಳೂ ಒಂದೊಂದು ಕೋಣೆಯನ್ನು ಇಂಥವರಿಗಾಗಿ ತೆರೆದಿಟ್ಟರೆ ಅದಕ್ಕಿಂತ ದೊಡ್ಡ ಪೂಜೆಯಿಲ್ಲ.

ಅರಳೀಕಟ್ಟೆಯ ಆ ಮನುಷ್ಯನಿಗೆ ಈಗ ಒಂದು ಚಿಕ್ಕ ಕೋಣೆಯುಂಟು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿಬರುವನು. ಅವನ ವ್ಯಥೆಯೆಲ್ಲ ನೀಗಿತೆಂದು ನಾನು ಹೇಳಲಾರೆ. ಕೆಲವು ರಾತ್ರಿ ಇಂದಿಗೂ ಅವನು ಹೊರಗೆ ಬಂದು ಗೋಡೆಗೆ ಬೆನ್ನಿಟ್ಟು ಕುಳಿತಿರುವನು. ಆದರೆ ಮಕ್ಕಳು ಈಗ ಅವನನ್ನು ಹೆಸರಿಟ್ಟು, ಅಜ್ಜನೆಂದು ಕರೆಯುವರು.

ಉಜ್ಜಿನಿಯ ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆಯೆರೆಯುವ ನಾಡಿನವರು ನಾವು. 'ಮರುಳ' ಎಂಬ ನಾಮಕ್ಕೆ ಕೈಮುಗಿಯುವ ನಾವು ಮರುಳನೆಂದು ಯಾರನ್ನೂ ದೂಡಲಾಗದು. ಮಹಾಮನೆಯಲ್ಲಿ ಹನ್ನೆರಡು ವರುಷ ಹಿಡಿದ ಆ ಗುರುತು ನಮ್ಮ ಮನೆಗಳ ಬಾಗಿಲಲ್ಲಿ ಅಷ್ಟು ತಡವಾಗದಿರಲೆಂದು ಪ್ರಾರ್ಥಿಸಿ ವಿರಮಿಸುವೆನು.