ಉಳಿದ ಎರಡು ಚಿತ್ರ

ಅಮೆರಿಕದಲ್ಲಿರುವ ಅಕ್ಕನ ಮಗಳು ಬರುವ ತಿಂಗಳು ಊರಿಗೆ ಬರುತ್ತಾಳೆ. "ಚಿಕ್ಕಮ್ಮಾ, ನಿಮ್ಮ ಹಳೇ ನಿಕಾನ್ ಸಾಕು. ಹೊಸದು ತರಲಾ?" ಎಂದು ಫೋನಿನಲ್ಲಿ ಕೇಳಿದಳು. ರೀಲಿನ ಕಾಲ ಮುಗಿಯಿತೆಂದುಕೊಂಡಿದ್ದ ನನಗೆ ಆ ಕ್ಯಾಮೆರಾಗಳು ಹೊಸದಾಗಿ ಬರುತ್ತಿವೆ ಎಂಬುದೇ ಸೋಜಿಗ. 1984ರ ಲೈಕಾ ಎಂ6 ಮಾದರಿಯನ್ನು 2022ರಲ್ಲಿ ಮತ್ತೆ ಹೊರತಂದರಂತೆ. ಬೆಲೆ ಐದು ಸಾವಿರ ಡಾಲರಿಗೂ ಮೇಲೆ. ಅದರ ಮಾತು ಬೇಡ. ಪೆಂಟಾಕ್ಸ್ 17ಕ್ಕೆ 2024ರಲ್ಲಿ ಬಂದಾಗ ಸುಮಾರು 500 ಡಾಲರ್ ಇತ್ತು. ಒಂದು ಚಿತ್ರದ ಜಾಗದಲ್ಲಿ ಎರಡು ತೆಗೆಯುವುದರಿಂದ 36ರ ರೀಲಿನಲ್ಲಿ 72 ಚಿತ್ರ.

ಆ 72 ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದಕ್ಕೆ ಕಾರಣವಿದೆ.

ನನ್ನ ನಿಕಾನ್ ಎಫ್‌ಎಂ2 ಅಣ್ಣ ದುಬೈಯಿಂದ ತಂದುಕೊಟ್ಟದ್ದು. 1996ರ ಮೇ ತಿಂಗಳಲ್ಲಿ ಅಮ್ಮ ಜಗಲಿಯಲ್ಲಿ ಹಲಸಿನ ತೊಳೆ ಬಿಡಿಸುತ್ತಿದ್ದಳು. ಕೈಗೆಲ್ಲ ತೆಂಗಿನೆಣ್ಣೆ. "ನಂದೂ ಒಂದು ತೆಗಿಯೇ" ಎಂದಳು. "ಎರಡೇ ಉಳಿದಿದೆಯಮ್ಮಾ, ನಾಳೆ ಮದುವೆಗೆ ಬೇಕು" ಎಂದೆ. "ಹೌದು ಹೌದು, ಅದಕ್ಕಿರಲಿ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಆ ಮಳೆಗಾಲದಲ್ಲಿ ಅಮ್ಮ ಹೋದಳು. ಉಳಿಸಿದ ಎರಡರಲ್ಲಿ ಒಂದು ಮದುವೆಯ ಚಪ್ಪರ, ಇನ್ನೊಂದು ಯಾರದೋ ಬೆನ್ನು.

ಕೈಯಲ್ಲಿ 72ರ ಕ್ಯಾಮೆರಾ ಇದ್ದಿದ್ದರೆ ಅಂದು ತೆಗೆಯುತ್ತಿದ್ದೆನೇ? ಹೌದೆನ್ನಲು ಬಾಯಿ ಬರುವುದಿಲ್ಲ. 72ಕ್ಕೂ ಕೊನೆಯ ಎರಡು ಇದ್ದೇ ಇರುತ್ತವೆ. ಈಗ ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ಫೋಟೋಗಳಿವೆ. ಮನೆಯಲ್ಲೇ ಇರುವ ಅತ್ತೆಯವರದು ಹಬ್ಬದ ಗುಂಪಿನಲ್ಲಿ ಬಿಟ್ಟರೆ ಒಂದೂ ಇಲ್ಲ. ಜಿಪುಣತನ ರೀಲಿನದಲ್ಲ, ನನ್ನದು. ಯಾವುದು ಫೋಟೋಕ್ಕೆ ಯೋಗ್ಯ ಎಂದು ತೂಗುವ ನನ್ನ ತಕ್ಕಡಿಯೇ ಸರಿಯಿರಲಿಲ್ಲ.

ಹೊಸದನ್ನು ಬಯ್ಯುವುದೂ ನ್ಯಾಯವಲ್ಲ. ಹಳೆಯದು ಕೆಟ್ಟು ರಿಪೇರಿ ಮಾಡುವವರು ಸಿಗದಿದ್ದರೆ, ಕಣ್ಣು ಮಂಜಾಗಿ ಫೋಕಸ್ ಹಿಡಿಯಲಾಗದಿದ್ದರೆ, ಕೊಳ್ಳಲೇಬೇಕು. ಆ ಪೆಂಟಾಕ್ಸ್ ಬೆಳಕಿನ ಲೆಕ್ಕವನ್ನು ತಾನೇ ಮಾಡುತ್ತದೆ. ದೂರಕ್ಕೆ ಚಿಹ್ನೆ ನೋಡಿ ತಿರುಗಿಸಿದರಾಯಿತು. ಆದರೆ ನನ್ನ ನಿಕಾನ್ ಸೆಲ್ ಇಲ್ಲದೆಯೂ ಟಕ್ಕೆನ್ನುತ್ತದೆ. ಸೆಲ್ ಬೇಕಾದದ್ದು ಬೆಳಕು ಅಳೆಯಲು ಮಾತ್ರ. ಎರಡಕ್ಕೂ ಹಾಕುವುದು ಅದೇ ರೀಲು. ಅರ್ಧ ಜಾಗದ ಚಿತ್ರವನ್ನು ದೊಡ್ಡದು ಮಾಡಿಸಿದರೆ ನವಿರೂ ಕಡಿಮೆ. ಹೀಗಿರುವಾಗ ಅಷ್ಟು ಹಣ ಕೊಟ್ಟು ನಾನು ಕೊಳ್ಳಹೊರಟದ್ದು ಕ್ಯಾಮೆರಾವನ್ನಲ್ಲ, 1996ರ ಆ ಮಧ್ಯಾಹ್ನವನ್ನು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಎರಡು ರೀಲು ತಾ, ಸಾಕು" ಎಂದೆ ಹುಡುಗಿಗೆ.

ನಿನ್ನೆ ಮಧ್ಯಾಹ್ನ ಅತ್ತೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕ್ಯಾಮೆರಾದಲ್ಲಿ ಮೂರು ಉಳಿದಿದ್ದವು. ಎದುರು ಕೂತೆ. "ಈ ಹಳೇ ಸೀರೆಯಲ್ಲಾ? ತಡಿ ಮಾರಾಯ್ತಿ, ಬೇರೆ ಉಟ್ಟು ಬರ್ತೇನೆ" ಎಂದರು.

"ಬೇಡ ಅತ್ತೆ, ಹೀಗೇ ಇರಿ" ಎಂದು ಒಂದು ತೆಗೆದೆ. ಸೀರೆ ಉಟ್ಟು ಬಂದ ಮೇಲೆ ಇನ್ನೊಂದು.