ಶಿಶುರಕ್ಷಣೆಯಲ್ಲಿ ಯೋಗವೂ ಕ್ಷೇಮವೂ

ಹೊಡೆತ, ಹಸಿವು, ಪರಿತ್ಯಾಗ ಮೊದಲಾದ ಆಪತ್ತುಗಳಿಂದ ಎಳೆಯ ಮಗುವೊಂದನ್ನು ರಾತ್ರೋರಾತ್ರಿ ಬಿಡಿಸಿ ತಂದು ರಕ್ಷಣಾಗೃಹದಲ್ಲಿ ಇಡುವುದು ಧರ್ಮಕಾರ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಅಷ್ಟರಿಂದಲೇ ರಕ್ಷಕನ ಕರ್ತವ್ಯವು ಮುಗಿಯುವುದೇ?

ನಮ್ಮ ಭಾಷ್ಯಕಾರರು ಯೋಗಕ್ಷೇಮವೆಂಬ ಪದವನ್ನು ಬಿಡಿಸಿ, ಇಲ್ಲದುದನ್ನು ದೊರಕಿಸುವುದು ಯೋಗ, ಇರುವುದನ್ನು ಕಾಪಾಡುವುದು ಕ್ಷೇಮ ಎಂದು ಅರ್ಥ ಹೇಳಿರುವರು. ಅನ್ನ, ಹಾಸಿಗೆ, ಔಷಧ, ಬಾಗಿಲಿಗೆ ಕಾವಲು, ಇವೆಲ್ಲ ಯೋಗ. ಇವನ್ನು ಒದಗಿಸುವುದರಲ್ಲಿ ನಾವು ಉತ್ಸಾಹಿಗಳು. ಮಗುವು ತನ್ನೊಡನೆ ತಂದುದಾದರೂ ಏನು? ಕರೆಯುವ ಹೆಸರು, ಮನೆಯ ಮಾತು, ಒಡಹುಟ್ಟಿದವನ ಕೈ, ತಾಯಿಯ ಸೀರೆಯ ಹಳೆಯ ತುಂಡು. ಇವುಗಳ ಕ್ಷೇಮವನ್ನು ವಿಚಾರಿಸುವವರು ವಿರಳ. ಕೊಳೆಯಾಗಿದೆಯೆಂದು ಆ ತುಂಡನ್ನು ಮೊದಲ ದಿನವೇ ಒಗೆಯಲು ಹಾಕುವರು; ಅದರಲ್ಲಿದ್ದ ವಾಸನೆಯೇ ಕೂಸಿಗೆ ಆ ರಾತ್ರಿಯ ಆಸರೆಯೆಂಬುದು ಯಾರಿಗೂ ತೋಚುವುದಿಲ್ಲ.

“ಚಿಕ್ಕ ಕೂಸು, ಎರಡು ದಿನ ಅತ್ತು ಮರೆಯುವುದು” ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ನರು, ತಾಯಿಯನ್ನಗಲಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಬಾಲೆಯೊಬ್ಬಳ ಚಲನಚಿತ್ರವನ್ನು 1952ರಲ್ಲಿ ಪ್ರಕಟಿಸಿದರು. ಇಂಥ ಮಕ್ಕಳು ಮೊದಲು ಪ್ರತಿಭಟಿಸಿ ಅಳುವರು, ಬಳಿಕ ಹತಾಶರಾಗಿ ಸುಮ್ಮನಾಗುವರು, ಅಗಲಿಕೆಯು ದೀರ್ಘವಾದರೆ ಕೊನೆಗೆ ಯಾರನ್ನೂ ಹಚ್ಚಿಕೊಳ್ಳದೆ ಮೇಲ್ನೋಟಕ್ಕೆ ಗೆಲುವಾಗಿರುವರೆಂದು ಅವರು ಮೂರು ಅವಸ್ಥೆಗಳನ್ನು ಗುರುತಿಸಿದರು. ಮಗು ಹೊಂದಿಕೊಂಡಿತೆಂದು ನಾವು ಸಂತೋಷಪಡುವುದು ಅನೇಕ ವೇಳೆ ಈ ಮೂರನೆಯದನ್ನು ಕಂಡೇ! ಯುದ್ಧಕಾಲದಲ್ಲಿ ಹ್ಯಾಂಪ್‌ಸ್ಟೆಡ್ಡಿನ ಶಿಶುಗೃಹಗಳನ್ನು ನಡೆಸಿದ ಆನಾ ಫ್ರಾಯ್ಡ್, ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬ ವಿದುಷಿಯರು, ಮಕ್ಕಳನ್ನು ಸಣ್ಣ ಕುಟುಂಬಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬಳೇ ಪಾಲಕಿಯನ್ನು ಗೊತ್ತುಮಾಡಿದರು. ಅಸೂಯೆಯೂ ಅಳುವೂ ಮೊದಲು ಹೆಚ್ಚಿದವು; ಆಮೇಲೆ ಮಕ್ಕಳ ಬೆಳವಣಿಗೆಯೂ ಚುರುಕಾಯಿತು.

ನಮ್ಮ ದೇಶದ 2015ರ ಬಾಲನ್ಯಾಯ ಅಧಿನಿಯಮವು ಇಂಥ ಮಗುವನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರತಕ್ಕದ್ದೆಂದು ವಿಧಿಸಿರುವುದು. ಯುಕ್ತವಾದ ವಿಧಿಯೇ. ಕಚೇರಿಗೆ ಅದು ಸ್ವಲ್ಪ ಕಾಲ, ಕೂಸಿಗೆ ಒಂದು ಇಡೀ ರಾತ್ರಿ.

ಹೊಡೆದ ತಾಯಿಗಾಗಿಯೇ ಆ ರಾತ್ರಿ ಮಗು ಅಳುವುದು. ಆಗ ಏನು ಹೇಳಬೇಕು? ಧರ್ಮಸಂಕಟವಿರುವುದು ಇಲ್ಲಿ. ಕೆಲವರು “ನಾಳೆ ಬರುವಳು” ಎನ್ನುವರು. ಕೆಲವರು “ಅವಳು ಕೆಟ್ಟವಳು” ಎನ್ನುವರು. ಮೊದಲನೆಯದು ಪ್ರಿಯವಾದ ಅನೃತ. ಸ್ಮೃತಿಕಾರರು ಅದನ್ನು ನಿಷೇಧಿಸುವಾಗ ಮಕ್ಕಳನ್ನು ಹೊರತುಪಡಿಸಲಿಲ್ಲ. ಎರಡನೆಯದು ಅಧಿಕಪ್ರಸಂಗ, ತಾಯಿಯ ನಿಂದೆಯನ್ನು ಮಗು ತನ್ನ ನಿಂದೆಯಾಗಿಯೇ ಕೇಳುವುದು. “ಅಮ್ಮ ಇಲ್ಲಿಲ್ಲ ಕಂದ, ನಿನಗೆ ಅಮ್ಮ ಬೇಕಾಗಿದ್ದಾಳೆ, ನಾನು ಇಲ್ಲೇ ಕೂತಿರುತ್ತೇನೆ” ಎಂಬುದು ಸತ್ಯವೂ ಹೌದು, ಹಿತವೂ ಹೌದು. ಕೂತಿರಬೇಕು ಮಾತ್ರ, ಹೇಳಿ ಎದ್ದುಹೋದರೆ ಅದೂ ಅನೃತವೇ.

ಮಹಾಭಾರತದ ಕಣ್ವನು ಕಾಡಿನಲ್ಲಿ ದೊರೆತ ಶಿಶುವಿಗೆ, ತಾನು ಬರುವವರೆಗೆ ಅದನ್ನು ಕಾದಿದ್ದ ಶಕುಂತಪಕ್ಷಿಗಳಿಂದಲೇ ಹೆಸರಿಟ್ಟನು. ನಮ್ಮ ಗೃಹಗಳ ದಾಖಲೆಯಲ್ಲಿಯೂ ಮಗುವಿನ ಗಾಯ, ತೂಕಗಳ ಜೊತೆಗೆ, ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು, ಯಾವ ಭಾಷೆಯಲ್ಲಿ, ಹೇಗೆ ತಟ್ಟಿ ಮಲಗಿಸುತ್ತಿದ್ದರು ಎಂಬುದಕ್ಕೆ ಎರಡು ಸಾಲಿನ ಸ್ಥಳವಿರಬೇಕು. ಕರೆತರುವವರು ಹೊರಡುವ ಮುನ್ನ ನೆರೆಮನೆಯ ಹೆಂಗಸರನ್ನು ಕೇಳಿಕೊಂಡು ಬಂದರೂ ಸಾಕು.